ಕೊಟ್ಟಿಗೆಯ ಜಾಡ್ಯಗಳೂ ಕಾವಲಿನ ನಾಯಿಯೂ

ಮಲೆನಾಡಿನ ಯಾವ ರೈತನ ಮನೆಗೆ ಹೋದರೂ ಕೊಟ್ಟಿಗೆಯ ಬಾಗಿಲಲ್ಲಿ ಒಂದು ನಾಯಿ ಮಲಗಿರುವುದು ಕಾಣುತ್ತದೆ. ಹಗಲಿನಲ್ಲಿ ದನಗಳ ಹಿಂದೆ ಬ್ಯಾಣಕ್ಕೆ ಹೋಗುವುದೂ, ಅಡಕೆಯ ತೋಟಕ್ಕೆ ಮಂಗಗಳು ಇಳಿದಾಗ ಅಟ್ಟುವುದೂ, ರಾತ್ರಿಯಲ್ಲಿ ಗದ್ದೆಗೆ ಕಾಡುಹಂದಿ ಬಿದ್ದರೆ ಬೊಗಳಿ ಯಜಮಾನನನ್ನು ಎಬ್ಬಿಸುವುದೂ ಅದರ ಕೆಲಸ. ಇಷ್ಟಕ್ಕೆ ಪ್ರತಿಯಾಗಿ ಅದಕ್ಕೆ ದೊರೆಯುವುದು ಒಂದು ಹೊತ್ತಿನ ಅನ್ನ, ಮತ್ತು ಕೊಟ್ಟಿಗೆಯಲ್ಲಿ ಬಿದ್ದದ್ದು ಬಿಟ್ಟದ್ದು. ಈ ಬಿದ್ದದ್ದು ಬಿಟ್ಟದ್ದರ ವಿಷಯವಾಗಿಯೇ ಇಲ್ಲಿ ಕೆಲವು ಮಾತುಗಳನ್ನು ತಿಳಿಸಬೇಕಾಗಿದೆ.

ದನಕ್ಕೆ ಬಂದ ಜಾಡ್ಯವು ನಾಯಿಗೂ ಅಂಟುವುದೇ ಎಂಬ ಪ್ರಶ್ನೆಯನ್ನು ರೈತರು ಕೇಳುವುದುಂಟು. 2022ನೆಯ ಇಸವಿಯಲ್ಲಿ ಚರ್ಮಗಂಟು ರೋಗವು ರಾಜ್ಯದಲ್ಲೆಲ್ಲಾ ಹರಡಿ ದನಗಳು ಸತ್ತ ಕಾಲದಲ್ಲಿ, ಗಂಟೆದ್ದ ದನದ ಬಳಿ ಮಲಗಿದ ನಾಯಿಯನ್ನು ಏನು ಮಾಡಬೇಕೆಂಬ ಚಿಂತೆ ಅನೇಕರಿಗೆ ಉಂಟಾಗುವುದು ಸಹಜವೇ ಆಗಿತ್ತು. ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದಕ್ಕೆ ಆಗುವುದಿಲ್ಲ. ಬಹುಪಾಲು ಜಾಡ್ಯಗಳು ಅಂಟುವುದಿಲ್ಲ, ಕೆಲವು ಅಂಟುತ್ತವೆ, ಮತ್ತೆ ಕೆಲವು ನಾಯಿಯ ಮೈಯಲ್ಲಿ ಬೇರೂರದಿದ್ದರೂ ಅದರ ಕಾಲು ಬಾಯಿಗಳ ಮೇಲೆ ಸವಾರಿ ಮಾಡಿ ಪಕ್ಕದ ಊರಿಗೆ ಹೋಗುತ್ತವೆ. ಯಾವುದು ಯಾವ ಗುಂಪಿಗೆ ಸೇರಿದ್ದೆಂಬುದನ್ನು ತಿಳಿದುಕೊಂಡರೆ ವ್ಯರ್ಥವಾದ ಭಯವೂ ತಪ್ಪುತ್ತದೆ, ವ್ಯರ್ಥವಾದ ಧೈರ್ಯವೂ ತಪ್ಪುತ್ತದೆ.

ವಿಷಾಣು ಎಂದರೆ ವೈರಸ್ಸು. ಇದು ತಾನಾಗಿ ಬೆಳೆಯಲಾರದು. ಯಾವುದಾದರೊಂದು ಪ್ರಾಣಿಯ ಜೀವಕಣದ ಒಳಗೆ ಹೊಕ್ಕು, ಆ ಕಣದ ಸಾಮಗ್ರಿಯಿಂದಲೇ ತನ್ನಂತಹ ಸಾವಿರಾರನ್ನು ಮಾಡಿಸಿಕೊಳ್ಳುತ್ತದೆ. ಒಳಗೆ ಹೊಗುವುದಕ್ಕೆ ಕಣದ ಹೊರಮೈಯಲ್ಲಿ ತನಗೆ ಒಪ್ಪುವಂತಹ ಒಂದು ಹಿಡಿ ಸಿಕ್ಕಬೇಕು. ಬೀಗಕ್ಕೆ ತಕ್ಕ ಕೈ ಇದ್ದಂತೆ, ದನದ ಕಣಕ್ಕೆ ಒಪ್ಪಿದ ವಿಷಾಣು ನಾಯಿಯ ಕಣಕ್ಕೆ ಒಪ್ಪಲೇಬೇಕೆಂಬ ನಿಯಮವಿಲ್ಲ. ಆದರೆ ಕೆಲವು ಬೀಗಗಳು ಒಂದೇ ಅಚ್ಚಿನವು. ಹಾಗಿದ್ದಾಗ ವಿಷಾಣು ಒಳಗೆ ಹೊಗುತ್ತದೆ. ಹೊಕ್ಕಮೇಲೂ ಎರಡು ಬಗೆಯುಂಟು. ನಾಯಿಯಲ್ಲಿ ಬೆಳೆದು ಅದರ ಉಸಿರು, ಜೊಲ್ಲು, ಮಲಗಳ ಮೂಲಕ ಮತ್ತೊಂದು ಪ್ರಾಣಿಗೆ ದಾಟುವುದು ಒಂದು ಬಗೆ. ಆ ನಾಯಿಯನ್ನು ಕೆಡಿಸಿ ಅಲ್ಲಿಗೇ ನಿಂತುಹೋಗುವುದು ಇನ್ನೊಂದು ಬಗೆ. ರೈತನ ದೃಷ್ಟಿಯಿಂದ ಇವೆರಡಕ್ಕೂ ಬಹಳ ಅಂತರವಿದೆ.

ಮೊದಲು ದಾಟದವುಗಳನ್ನು ಹೇಳಿಬಿಡುವುದು ಒಳ್ಳೆಯದು. 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿಕೊಂಡು ದೇಶವನ್ನೆಲ್ಲಾ ವ್ಯಾಪಿಸಿದ ಚರ್ಮಗಂಟು ರೋಗವು ದನ ಎಮ್ಮೆಗಳದು. ನಾಯಿಗೆ ಅದರಿಂದ ಕಾಯಿಲೆ ಬರುವುದಿಲ್ಲ. ಅದನ್ನು ಹರಡುವುವು ಕಚ್ಚುವ ನೊಣ, ಸೊಳ್ಳೆ, ಉಣುಗುಗಳು. ಕುರಿಯ ಸಿಡುಬೂ ಅಷ್ಟೆ. ಹಂದಿಗಳಿಗೆ ಬರುವ ಹಂದಿಜ್ವರವೂ, 2020ರಲ್ಲಿ ನಮ್ಮ ದೇಶದ ಈಶಾನ್ಯ ಭಾಗದಲ್ಲಿ ಮೊದಲು ಕಂಡ ಆಫ್ರಿಕದ ಹಂದಿಜ್ವರವೂ ನಾಯಿಗೆ ತಗಲುವುದಿಲ್ಲ. ಆದಕಾರಣ ಈ ಜಾಡ್ಯಗಳು ಬಂದಾಗ ನಾಯಿಯನ್ನು ಊರಾಚೆಗೆ ಅಟ್ಟುವುದೂ ಹೊಡೆಯುವುದೂ ಅನ್ಯಾಯ; ಅದರಿಂದ ಲಾಭವೂ ಇಲ್ಲ.

ಕಾಲುಬಾಯಿ ಜ್ವರದ ವಿಷಯವು ಸ್ವಲ್ಪ ಬೇರೆ. ಗೊರಸು ಸೀಳಿದ ಪ್ರಾಣಿಗಳ ಈ ಜಾಡ್ಯವು ನಾಯಿಯ ಆರೋಗ್ಯವನ್ನು ಸಾಧಾರಣವಾಗಿ ಕೆಡಿಸುವುದಿಲ್ಲ. ಆದರೆ ಜಾಡ್ಯಪೀಡಿತ ದನದ ಬಾಯಿಂದ ಸುರಿದ ಜೊಲ್ಲು, ಒಡೆದ ಗುಳ್ಳೆಯ ನೀರು, ಸಗಣಿ ಇವುಗಳಲ್ಲಿ ವಿಷಾಣುಗಳು ತುಂಬಿರುತ್ತವೆ. ಆ ಕೆಸರನ್ನು ತುಳಿದ ನಾಯಿ ಸಂಜೆಯ ಹೊತ್ತಿಗೆ ನೆರೆಮನೆಯ ಕಲಗಚ್ಚಿನ ಬಾನಿಗೆ ಬಾಯಿ ಹಾಕಿ ಬರುತ್ತದೆ. ನಾವು ಕೊಟ್ಟಿಗೆಗೆ ಅನ್ಯರು ಬಾರದಂತೆ ತಡೆದು, ಬಾಗಿಲಲ್ಲಿ ಸುಣ್ಣ ಚೆಲ್ಲಿ, ನಾಯಿಯನ್ನು ಮಾತ್ರ ಬಿಟ್ಟುಬಿಟ್ಟರೆ ಮಾಡಿದ ಕಟ್ಟುಪಾಡೆಲ್ಲಾ ನೀರಿನಲ್ಲಿ ಹೋಮ ಮಾಡಿದ ಹಾಗೆ. ಜಾಡ್ಯವಿರುವಷ್ಟು ಕಾಲ ನಾಯಿಯನ್ನು ಕೊಟ್ಟಿಗೆಯಿಂದ ದೂರ, ಸರಪಳಿಯಲ್ಲಿ ಕಟ್ಟಿಹಾಕತಕ್ಕದ್ದು. ದನಗಳಿಗೆ ವರ್ಷಕ್ಕೆರಡು ಬಾರಿ ಹಾಕುವ ಲಸಿಕೆಯೇ ಮುಖ್ಯವಾದ ರಕ್ಷಣೆಯೆಂದು ಬೇರೆ ಹೇಳಬೇಕಾದದ್ದಿಲ್ಲ.

ನೀಲಿನಾಲಿಗೆ

ಈಗ ದಾಟುವವುಗಳಿಗೆ ಬರೋಣ. ಇವುಗಳಲ್ಲಿ ನಮ್ಮ ಭಾಗದವರು ಹೆಚ್ಚಾಗಿ ಗಮನಿಸಬೇಕಾದದ್ದು ಕುರಿಗಳ ನೀಲಿನಾಲಿಗೆ ರೋಗ. ಇದು ನಮ್ಮ ದೇಶದಲ್ಲಿ 1964ರಲ್ಲಿ ಮಹಾರಾಷ್ಟ್ರದಲ್ಲಿ ಮೊದಲು ಗೊತ್ತಾಯಿತು. ಈಗ ದಕ್ಷಿಣದ ರಾಜ್ಯಗಳ ಕುರಿಗಳಿಗೆ ದೊಡ್ಡ ಶತ್ರುವಾಗಿದೆ. ಮಳೆಗಾಲ ಕಳೆದು ನೆಲ ಇನ್ನೂ ತೇವವಾಗಿರುವಾಗ ಸಗಣಿ ಗಂಜಲಗಳ ಕೆಸರಿನಲ್ಲಿ ಹುಟ್ಟುವ ಅತಿ ಚಿಕ್ಕ ನೊರಜುಗಳು ಕಚ್ಚಿ ಇದನ್ನು ಹರಡುತ್ತವೆ. ಕುರಿಗೆ ಜ್ವರ ಬಂದು, ತುಟಿ ಮುಖಗಳು ಊದಿ, ಬಾಯಿ ಹುಣ್ಣಾಗಿ, ಕಾಲು ಕುಂಟುತ್ತದೆ. ಕೆಲವಕ್ಕೆ ನಾಲಿಗೆಯು ನೀಲಿಗಟ್ಟುವುದರಿಂದ ಈ ಹೆಸರು ಬಂದಿದೆ. ದನಗಳಲ್ಲಿ ಬಹುಮಟ್ಟಿಗೆ ಯಾವ ಗುರುತೂ ಇಲ್ಲದೆ ವಿಷಾಣು ರಕ್ತದಲ್ಲಿ ಸುಳಿದಾಡಿಕೊಂಡಿರುತ್ತದೆ.

ಈ ಕುರಿಯ ವಿಷಾಣು ನಾಯಿಗೂ ಹೋಗಬಲ್ಲದೆಂಬುದು ಲೋಕಕ್ಕೆ ಗೊತ್ತಾದ ರೀತಿ ವಿಚಿತ್ರವಾದದ್ದು. 1990ರ ದಶಕದ ಮೊದಲ ಭಾಗದಲ್ಲಿ ಅಮೆರಿಕ ದೇಶದಲ್ಲಿ ಗಬ್ಬದ ನಾಯಿಗಳು ಕಂದುಹಾಕಿ, ಉಸಿರು ಕಟ್ಟಿ, ಕೆಲವೇ ದಿನಗಳಲ್ಲಿ ಸಾಯತೊಡಗಿದುವು. ವಿಚಾರಿಸಿ ನೋಡಿದಾಗ ಅವುಗಳಿಗೆಲ್ಲಾ ನಾಯಿಗಳ ಸಾಮಾನ್ಯ ಜಾಡ್ಯಗಳ ವಿರುದ್ಧವಾದ ಒಂದು ಲಸಿಕೆಯನ್ನು ಹಾಕಿದ್ದುದು ತಿಳಿದುಬಂತು. ಆ ಲಸಿಕೆಯೊಳಗೆ ನೀಲಿನಾಲಿಗೆಯ ವಿಷಾಣು ಸೇರಿಕೊಂಡಿತ್ತು. ಲಸಿಕೆಯ ತಯಾರಿಕೆಗಾಗಿ ಜೀವಕಣಗಳನ್ನು ಬೆಳೆಸುವಾಗ ದನದ ರಕ್ತಸಾರವನ್ನು ಉಪಯೋಗಿಸುತ್ತಾರೆ. ಅದರ ಮೂಲಕ ಬಂದಿರಬೇಕೆಂದು ತಜ್ಞರು ಊಹಿಸಿದರು. ರೋಗವನ್ನು ತಡೆಯಲು ಕೊಟ್ಟ ಮದ್ದೇ ರೋಗವನ್ನು ತಂದ ಈ ಪ್ರಸಂಗದಿಂದ ಲಸಿಕೆ ತಯಾರಿಸುವವರು ಎಚ್ಚರಿಕೆ ಕಲಿತರು. ಇದನ್ನು ಓದಿ ಲಸಿಕೆಯನ್ನೇ ಬಿಡತಕ್ಕದ್ದೆಂದು ಯಾರೂ ಭಾವಿಸಬಾರದು. ಲಸಿಕೆಯಿಲ್ಲದೆ ಸಾಯುವ ನಾಯಿಮರಿಗಳ ಲೆಕ್ಕವನ್ನು ಯಾವ ಪಶುವೈದ್ಯಶಾಲೆಯಲ್ಲಿ ಕೇಳಿದರೂ ಹೇಳುತ್ತಾರೆ.

ಸೂಜಿಯ ಮೂಲಕವಲ್ಲದೆ ಬೇರೆ ದಾರಿಯಿಂದಲೂ ಇದು ಮಾಂಸಾಹಾರಿಗಳಿಗೆ ಬರುತ್ತದೆಂಬುದಕ್ಕೆ ಅನಂತರ ಸಾಕ್ಷ್ಯ ದೊರೆಯಿತು. ಆಫ್ರಿಕದಲ್ಲಿ ಸಿಂಹವೇ ಮೊದಲಾದ ಕಾಡುಪ್ರಾಣಿಗಳ ರಕ್ತದಲ್ಲಿಯೂ, ಊರನಾಯಿಗಳ ರಕ್ತದಲ್ಲಿಯೂ ಈ ವಿಷಾಣುವನ್ನು ಎದುರಿಸಿದ ಗುರುತು ಕಂಡುಬಂತೆಂದು 1994ರಲ್ಲಿ ಪ್ರಕಟವಾಯಿತು. ಯೂರೋಪಿನಲ್ಲಿ ಈ ರೋಗ ಹಬ್ಬಿದ್ದಾಗ ಬೆಲ್ಜಿಯಂ ದೇಶದಲ್ಲಿ ಸಾಕಿದ್ದ ಎರಡು ಲಿಂಕ್ಸ್ ಎಂಬ ಕಾಡುಬೆಕ್ಕುಗಳು ಇದರಿಂದ ಸತ್ತುವು. ಸತ್ತು ಹುಟ್ಟಿದ ಕರು ಮರಿಗಳ ಹಸಿ ಮಾಂಸವು ಅವುಗಳ ಆಹಾರವಾಗಿತ್ತು. ಇದಲ್ಲದೆ ಮೊರಾಕೊ ದೇಶದ ಕೆಲವು ನಾಯಿಗಳ ರಕ್ತದಲ್ಲಿ ಇದೇ ಗುರುತು ಸಿಕ್ಕಿ, ನೊರಜು ಕಚ್ಚುವುದರಿಂದಲೂ ನಾಯಿಗೆ ಅಂಟುತ್ತದೆಂಬ ಅಭಿಪ್ರಾಯವು 2011ರಲ್ಲಿ ಹೊರಬಿತ್ತು. ಹಾಗಾದರೆ ದಾರಿಗಳು ಮೂರಾದುವು: ಸೂಜಿ, ಬಾಯಿ, ನೊರಜು. ಮೊದಲನೆಯದು ತಯಾರಕರ ಕೈಯಲ್ಲಿದೆ. ಮೂರನೆಯದನ್ನು ಪೂರ್ತಿಯಾಗಿ ತಡೆಯುವುದು ಮಲೆನಾಡಿನ ತೇವದಲ್ಲಿ ಯಾರಿಂದಲೂ ಆಗದು. ಎರಡನೆಯದು ಮಾತ್ರ ರೈತನ ಕೈಯಲ್ಲಿದೆ.

ಸುಗ್ಗಿಯಾದ ಮೇಲೆ ಭದ್ರಾವತಿ, ಶಿವಮೊಗ್ಗಗಳ ಸುತ್ತಿನ ಗದ್ದೆಗಳಲ್ಲಿ ಬಯಲುಸೀಮೆಯಿಂದ ಬಂದ ಕುರಿಮಂದೆಗಳನ್ನು ಗೊಬ್ಬರಕ್ಕಾಗಿ ತರುಬುವ ವಾಡಿಕೆಯಿದೆ. ಮಂದೆಯೊಡನೆ ಕುರಿಗಾಹಿಗಳ ನಾಯಿಗಳೂ ಬರುತ್ತವೆ, ಊರಿನ ನಾಯಿಗಳೂ ಸುತ್ತ ಸೇರುತ್ತವೆ. ದಾರಿಯಲ್ಲಿ ಸತ್ತ ಕುರಿಯನ್ನೂ ಕಂದುಹಾಕಿದ ಮರಿಯನ್ನೂ ಕಾಲುವೆಯ ಏರಿಯ ಮೇಲೆ ಎಸೆದು ಮಂದೆ ಮುಂದಕ್ಕೆ ಹೋಗುವುದುಂಟು. ಕುರಿಗಾಹಿಯನ್ನು ದೂರಿ ಫಲವಿಲ್ಲ. ಅವನಿಗೆ ಆ ಊರಿನಲ್ಲಿ ಗುಳಿ ತೋಡುವಷ್ಟು ನೆಲವೂ ಇಲ್ಲ, ಬಿಡುವೂ ಇಲ್ಲ. ಮಂದೆಯ ಗೊಬ್ಬರದ ಲಾಭವನ್ನು ಪಡೆಯುವ ಗದ್ದೆಯ ಯಜಮಾನನೇ ಒಂದು ಗುಳಿಯನ್ನು ತೋಡಿಸಿಕೊಡುವುದು ಯುಕ್ತವು. ನೀಲಿನಾಲಿಗೆಗೆ ನಮ್ಮ ದೇಶದಲ್ಲಿಯೇ ಐದು ಪ್ರಭೇದಗಳ ವಿಷಾಣುಗಳನ್ನು ಕೂಡಿಸಿ ಮಾಡಿದ ಲಸಿಕೆ ಇದೆ. ಮಳೆಗಾಲಕ್ಕೆ ಮೊದಲೇ ಅದನ್ನು ಕುರಿಗಳಿಗೆ ಹಾಕಿಸಿಕೊಳ್ಳಬೇಕು. ನಾಯಿಗೆ ಪ್ರತ್ಯೇಕವಾದ ಲಸಿಕೆ ಇಲ್ಲ, ಬೇಕಾಗಿಯೂ ಇಲ್ಲ. ಗಬ್ಬದ ಹೆಣ್ಣುನಾಯಿಯನ್ನು ಮಾತ್ರ ಸತ್ತ ಕುರಿಯ ಹತ್ತಿರ ಸುಳಿಯಗೊಡಬಾರದು.

ದೊಡ್ಡರೋಗದ ಬಂಧುಗಳು

ಹಿರಿಯರು ದೊಡ್ಡರೋಗವೆಂದು ಕರೆಯುತ್ತಿದ್ದ ದನಗಳ ಮಾರಿಯ ನೆನಪು ಈಗಿನ ಯುವಕರಿಗೆ ಇಲ್ಲ. ಒಂದು ಕಾಲದಲ್ಲಿ ಊರಿಗೆ ಊರೇ ಉಳುವ ಎತ್ತಿಲ್ಲದೆ ಕುಳಿತದ್ದು ಈ ಜಾಡ್ಯದಿಂದಲೇ. ಇದನ್ನು ಎದುರಿಸುವ ರಕ್ತಸಾರವನ್ನು ತಯಾರಿಸುವುದಕ್ಕೆಂದೇ ಮೈಸೂರು ಸಂಸ್ಥಾನದಲ್ಲಿ 1925ರಲ್ಲಿ ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯು ಹುಟ್ಟಿತು. ಅದು ಈಗಲೂ ಪಶು ಲಸಿಕೆಗಳನ್ನು ತಯಾರಿಸುತ್ತಿದೆ. ನಮ್ಮ ದೇಶದಲ್ಲಿ ದೊಡ್ಡರೋಗದ ಕೊನೆಯ ಪ್ರಸಂಗ 1995ರಲ್ಲಿ. 2011ರಲ್ಲಿ ಅದು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು.

ಆ ವಿಷಾಣುವಿನ ಕುಲದಲ್ಲಿ ನಾಲ್ಕು ಹೆಸರುಗಳನ್ನು ನೆನಪಿಡಬೇಕು: ದನಗಳ ದೊಡ್ಡರೋಗ, ಆಡು ಕುರಿಗಳ ಪಿ.ಪಿ.ಆರ್., ನಾಯಿಗಳ ಡಿಸ್ಟೆಂಪರ್, ಮನುಷ್ಯರ ದಡಾರ. ಇವೆಲ್ಲಾ ಒಂದೇ ತಾಯಿಬೇರಿನವು. ಒಂದರ ಬೀಗ ಇನ್ನೊಂದಕ್ಕೆ ಸ್ವಲ್ಪಮಟ್ಟಿಗೆ ಒಪ್ಪುವುದು ಈ ಕಾರಣದಿಂದ. ಮನುಷ್ಯರ ದಡಾರದ ಲಸಿಕೆಯನ್ನು ಹಾಕಿ ನಾಯಿಮರಿಗಳನ್ನು ಡಿಸ್ಟೆಂಪರಿನಿಂದ ಕಾಪಾಡಬಹುದೆಂಬುದು ಬಹಳ ಹಿಂದೆಯೇ ಗೊತ್ತಾಗಿತ್ತು. ದೊಡ್ಡರೋಗದ ದನದ ಮಾಂಸವನ್ನು ತಿಂದ ನಾಯಿಗಳು ಕಾಯಿಲೆ ಬೀಳದೆ ರಕ್ತದಲ್ಲಿ ಅದರ ಗುರುತನ್ನು ಮಾತ್ರ ತೋರಿಸಿದ್ದೂ ಉಂಟು.

ಈಗ ಉಳಿದಿರುವುದು ಪಿ.ಪಿ.ಆರ್. ಇದು 1942ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಮೊದಲು ವರ್ಣಿಸಲ್ಪಟ್ಟು, ನಮ್ಮ ದೇಶದಲ್ಲಿ 1987ರಲ್ಲಿ ತಮಿಳುನಾಡಿನ ಅರಸೂರು ಎಂಬಲ್ಲಿ ಗೊತ್ತಾಯಿತು. ಆಡು ಕುರಿಗಳಿಗೆ ಮೂಗು ಕಣ್ಣುಗಳಲ್ಲಿ ಸೋರಿಕೆ, ಬಾಯಿಹುಣ್ಣು, ಭೇದಿ, ಕೆಮ್ಮು. ಮರಿಗಳು ಬೇಗನೆ ಸಾಯುತ್ತವೆ. ಗುಜರಾತಿನ ಗಿರ್ ಅರಣ್ಯದಲ್ಲಿ ಸತ್ತ ಒಂದು ಸಿಂಹದ ಅಂಗಾಂಶಗಳಲ್ಲಿ ಈ ವಿಷಾಣುವಿನ ಅಂಶವನ್ನು ಕಂಡುದಾಗಿ 2012ರಲ್ಲಿ ವಿಜ್ಞಾನಿಗಳು ತಿಳಿಸಿದರು. ಕೆಲವು ವರ್ಷಗಳ ಮೇಲೆ ನಮ್ಮ ದೇಶದ ನಾಯಿಗಳ ಮೂಗಿನ ದ್ರವದಲ್ಲಿಯೂ ಅದು ದೊರೆತ ವಾರ್ತೆ ಬಂತು. ಮೂಗಿನಲ್ಲಿ ವಿಷಾಣುವಿನ ಅಂಶ ದೊರೆತ ಮಾತ್ರಕ್ಕೆ ನಾಯಿಯು ಕುರಿಗಳಿಗೆ ಜಾಡ್ಯವನ್ನು ಹರಡುತ್ತದೆಂದು ಹೇಳುವುದಕ್ಕೆ ಆಗುವುದಿಲ್ಲ. ಸತ್ತ ಕುರಿಯನ್ನು ಮೂಸಿದ ಮೂಗಿನಲ್ಲಿ ಅದರ ಅಂಶ ಇರುವುದು ಆಶ್ಚರ್ಯವೇನಲ್ಲ. ಆದರೆ ಈ ರೋಗವನ್ನೂ ದೊಡ್ಡರೋಗದಂತೆ 2030ರೊಳಗೆ ಲೋಕದಿಂದ ಅಳಿಸಬೇಕೆಂದು ಅಂತರರಾಷ್ಟ್ರೀಯ ಸಂಸ್ಥೆಗಳು ಸಂಕಲ್ಪ ಮಾಡಿರುವಾಗ, ಕುರಿಗಳನ್ನು ಬಿಟ್ಟು ಬೇರೆ ಪ್ರಾಣಿಗಳಲ್ಲಿ ಅದು ಅಡಗಿರಬಹುದೇ ಎಂಬ ಪ್ರಶ್ನೆ ಕ್ಷುಲ್ಲಕವಲ್ಲ. ದೊಡ್ಡರೋಗವನ್ನು ಗೆಲ್ಲಲು ಸಾಧ್ಯವಾದದ್ದಕ್ಕೆ ಅದಕ್ಕೆ ಅಡಗುದಾಣವಿಲ್ಲದಿದ್ದುದೂ ಒಂದು ಕಾರಣ. ಪಿ.ಪಿ.ಆರ್. ಲಸಿಕೆಯನ್ನು ಒಂದು ಸಲ ಹಾಕಿಸಿದರೆ ಕುರಿಗೆ ಮೂರು ವರ್ಷಗಳವರೆಗೂ ರಕ್ಷಣೆ ಸಿಕ್ಕುತ್ತದೆ. ಇಷ್ಟು ಅಗ್ಗವಾದ ವಿಮೆ ಬೇರೊಂದಿಲ್ಲ.

ಡಿಸ್ಟೆಂಪರಿನ ಮಾತು ಬಂದದ್ದರಿಂದ ಒಂದು ವಿಷಯವನ್ನು ಸೇರಿಸಬೇಕು. ಜಾಡ್ಯವು ಕೊಟ್ಟಿಗೆಯಿಂದ ನಾಯಿಗೆ ಬರುವಂತೆ ನಾಯಿಯಿಂದ ಕಾಡಿಗೂ ಹೋಗುತ್ತದೆ. ಗಿರ್ ಅರಣ್ಯದಲ್ಲಿ 2018ರಲ್ಲಿ ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವದರ ಮೈಯಲ್ಲಿ ಡಿಸ್ಟೆಂಪರ್ ವಿಷಾಣು ಸಿಕ್ಕಿತು. ಭದ್ರಾ ಅಭಯಾರಣ್ಯದ ಅಂಚಿನಲ್ಲಿ ಮನೆ ಮಾಡಿಕೊಂಡಿರುವವರ ನಾಯಿಗಳಿಗೆ ಈ ಲಸಿಕೆ ಹಾಕಿಸುವುದು ಹುಲಿ ಚಿರತೆಗಳ ಕ್ಷೇಮಕ್ಕೂ ಒಳ್ಳೆಯದು.

ಉಸಿರಾಟದ ಜಾಡ್ಯಗಳಲ್ಲಿ ದಾಟುವಿಕೆ ಇನ್ನೂ ಸ್ಪಷ್ಟ. 2004ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಓಟದ ನಾಯಿಗಳಿಗೆ ಬಂದ ಶೀತಜ್ವರವು ಕುದುರೆಗಳಿಂದ ಬಂದದ್ದು. ಅನಂತರ ಅದು ನಾಯಿಯಿಂದ ನಾಯಿಗೆ ತಾನೇ ಹರಡಿತು. 2003ರಲ್ಲಿ ಇಂಗ್ಲೆಂಡಿನ ನಾಯಿಗಳ ಕೆಮ್ಮಿನಲ್ಲಿ ಕಂಡುಹಿಡಿದ ಒಂದು ಕರೋನಾ ವಿಷಾಣುವು ಕರುಗಳಿಗೆ ಭೇದಿ ತರುವ ವಿಷಾಣುವಿನ ಅತಿ ಹತ್ತಿರದ ಸಂಬಂಧಿ. ಕೋಳಿಗಳ ಎಚ್5ಎನ್1 ಹಕ್ಕಿಜ್ವರವು 2004ರಲ್ಲಿ ಥಾಯ್ಲೆಂಡಿನಲ್ಲಿ ಸತ್ತ ಬಾತುಕೋಳಿಯನ್ನು ತಿಂದ ನಾಯಿಯನ್ನು ಕೊಂದಿತು. 2024ರ ಮಾರ್ಚಿಯಲ್ಲಿ ಅದೇ ಜಾಡ್ಯ ಅಮೆರಿಕದ ಹಾಲಿನ ಹಸುಗಳಲ್ಲಿ ಕಂಡಿತು. ಅವುಗಳ ಹಸಿ ಹಾಲನ್ನು ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತುವು. ನಮ್ಮ ನೆರೆಯಲ್ಲಿಯೇ 2020ರ ಮಾರ್ಚಿ ತಿಂಗಳಲ್ಲಿ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ಕಂಡು ಕೋಳಿಗಳನ್ನು ನಾಶಮಾಡಬೇಕಾಯಿತು. ಸತ್ತ ಕೋಳಿಯನ್ನು ನಾಯಿಗೆ ಎಸೆಯುವುದು ಎಷ್ಟು ಸಾಮಾನ್ಯವಾದ ಪದ್ಧತಿಯೆಂಬುದನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ಕಾರಣ ತಿಳಿಯದೆ ಒಟ್ಟಿಗೆ ಅನೇಕ ಕೋಳಿಗಳು ಸತ್ತರೆ ನಾಯಿಯ ಬಾಯಿಗೂ ಹಾಕಬಾರದು, ಬರಿಗೈಯಲ್ಲಿಯೂ ಮುಟ್ಟಬಾರದು.

ತುರಿಕೆಯೂ ಹುಚ್ಚೂ

ಹಂದಿಗಳಲ್ಲಿ ಬಹುಮಟ್ಟಿಗೆ ಗುಪ್ತವಾಗಿರುವ ಒಂದು ವಿಷಾಣು ಉಂಟು. ಹಂಗೆರಿ ದೇಶದ ಔಯೆಸ್ಕಿ ಎಂಬ ವಿದ್ವಾಂಸನು 1902ರಲ್ಲಿ ಇದನ್ನು ವರ್ಣಿಸಿದುದರಿಂದ ಅವನ ಹೆಸರು ನಿಂತಿದೆ. ಹಸಿ ಹಂದಿಮಾಂಸವನ್ನೋ ಕರುಳನ್ನೋ ತಿಂದ ನಾಯಿಗೆ ಕೆಲವು ದಿನಗಳಲ್ಲಿ ಮುಖವನ್ನು ಹರಿದುಕೊಳ್ಳುವಷ್ಟು ತುರಿಕೆ ಹತ್ತಿ, ಜೊಲ್ಲು ಸುರಿದು, ಒಂದೆರಡು ದಿನಗಳೊಳಗೆ ಪ್ರಾಣ ಹೋಗುತ್ತದೆ. ಯೂರೋಪಿನಲ್ಲಿ ಕಾಡುಹಂದಿಯ ಬೇಟೆಗೆ ಹೋದ ನಾಯಿಗಳು ಹೀಗೆ ಸಾಯುವುದುಂಟು. ನಾಯಿಯಿಂದ ಅದು ಮುಂದಕ್ಕೆ ಹೋಗುವುದಿಲ್ಲ, ಅಲ್ಲಿಗೇ ನಿಲ್ಲುತ್ತದೆ.

ಈ ಜಾಡ್ಯವನ್ನು ಇಲ್ಲಿ ಹೇಳುವುದಕ್ಕೆ ಬೇರೊಂದು ಕಾರಣವಿದೆ. ಜೊಲ್ಲು ಸುರಿಸುತ್ತಾ ಸ್ವಭಾವ ಕೆಟ್ಟ ನಾಯಿಯನ್ನು ನೋಡಿ, ಇದು ಏನೋ ತಿಂದು ಆದದ್ದೆಂದು ಹೇಳಿಬಿಡುವುದು ಬಹಳ ಅಪಾಯಕರ. ನಮ್ಮ ಸೀಮೆಯಲ್ಲಿ ಅಂತಹ ನಾಯಿಯನ್ನು ಹುಚ್ಚುನಾಯಿಯೆಂದೇ ಭಾವಿಸಿ ನಡೆದುಕೊಳ್ಳಬೇಕು. ಹುಚ್ಚುರೋಗದಲ್ಲಿ ಹಾದಿ ತಿರುಗುಮುರುಗು: ಇಲ್ಲಿ ನಾಯಿಯಿಂದ ದನಕ್ಕೆ ಬರುತ್ತದೆ. ಬ್ಯಾಣದಲ್ಲಿ ಮೇಯುವಾಗ ಕಚ್ಚಿಸಿಕೊಂಡ ಹಸುವಿನ ಗಾಯ ಯಾರ ಕಣ್ಣಿಗೂ ಬೀಳದೆ ಮಾಯುತ್ತದೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹಸು ಮೇವು ಬಿಡುತ್ತದೆ, ಕರ್ಕಶವಾಗಿ ಕೂಗುತ್ತದೆ, ಜೊಲ್ಲು ಸುರಿಸುತ್ತದೆ, ನೀರು ನುಂಗಲಾರದು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಯಜಮಾನನು ಮೊಣಕೈವರೆಗೂ ಬಾಯೊಳಗೆ ಕೈಹಾಕುತ್ತಾನೆ. ಆ ಕೈಯಲ್ಲಿ ಒಂದು ಗೀರು ಇದ್ದರೆ ಸಾಕು. ಈ ಒಂದು ತಪ್ಪಿನಿಂದ ಇಡೀ ಮನೆಯವರು ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ಜೊಲ್ಲು ಸುರಿಸುವ ಹಸುವಿನ ಬಾಯಿಗೆ ಕೈಹಾಕಕೂಡದು. ವೈದ್ಯನು ಬರುವವರೆಗೆ ಅದನ್ನು ಬೇರೆ ಕಟ್ಟಿ ಕಾಯಬೇಕು. ಅದರ ಹಾಲನ್ನು ಯಾರಿಗೂ ಕೊಡಬಾರದು. ಸತ್ತರೆ ಅದರ ದೇಹವನ್ನು ನಾಯಿ ನರಿಗಳಿಗೆ ಸಿಕ್ಕದಂತೆ ಹೂಳಬೇಕು. ಅಂತಹ ಶವವನ್ನು ತಿಂದು ನಾಯಿಗೆ ರೋಗ ಬರುವುದು ಅಪೂರ್ವವಾದರೂ ಅಸಾಧ್ಯವಲ್ಲ. ಯಾರಿಗಾದರೂ ಜೊಲ್ಲು ಗಾಯಕ್ಕೆ ತಾಗಿದ್ದರೆ ತತ್‌ಕ್ಷಣವೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು. ಅರಿಸಿನ, ಸುಣ್ಣ, ಮೆಣಸಿನಪುಡಿ ಮುಂತಾದುವನ್ನು ಮೆತ್ತಬಾರದು. ಕಾವಲಿನ ನಾಯಿಗೆ ವರ್ಷಕ್ಕೊಮ್ಮೆ ಹುಚ್ಚುರೋಗದ ಲಸಿಕೆ ಹಾಕಿಸಿದರೆ ಈ ಪ್ರಸಂಗದ ಅರ್ಧಪಾಲು ಹುಟ್ಟುವುದೇ ಇಲ್ಲ.

ಮಂಗನ ಕಾಯಿಲೆಯ ಮಾತನ್ನು ಶಿವಮೊಗ್ಗ ಜಿಲ್ಲೆಯಲ್ಲಿ ಬಿಡುವ ಹಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಹೊರಬಿದ್ದ ಈ ವಿಷಾಣು ಉಣುಗಿನ ಮೂಲಕ ಮನುಷ್ಯರಿಗೆ ಬರುತ್ತದೆ. ದನಗಳು ಇದರಿಂದ ಕಾಯಿಲೆ ಬೀಳುವಂತೆ ತೋರುವುದಿಲ್ಲ. ಅವುಗಳ ರಕ್ತದಲ್ಲಿ ವಿಷಾಣು ಹೆಚ್ಚಾಗಿ ಬೆಳೆಯುವುದೂ ಇಲ್ಲ. ಆದರೆ ಮಳೆಗಾಲದಲ್ಲಿ ಬಲಿತ ಉಣುಗುಗಳು ದನದ ರಕ್ತವನ್ನು ಹೀರಿ, ನೆಲಕ್ಕೆ ಬಿದ್ದು, ಮೊಟ್ಟೆಯಿಡುತ್ತವೆ. ಹೀಗೆ ದನಗಳು ರೋಗವನ್ನು ಬೆಳೆಸದಿದ್ದರೂ ಉಣುಗಿನ ಸಂತಾನವನ್ನು ಬೆಳೆಸುತ್ತವೆ. ಕಾರ್ತಿಕ ಕಳೆದ ಮೇಲೆ ಬೇಸಗೆಯವರೆಗೆ ಸಾಸಿವೆಕಾಳಿನಂತಹ ಮರಿ ಉಣುಗುಗಳ ಕಾಲ. ಮನುಷ್ಯರಿಗೆ ಅಪಾಯ ಆಗಲೇ ಹೆಚ್ಚು. ಈ ದಿನಗಳಲ್ಲಿ ದನದೊಡನೆ ಕಾಡು ಹೊಕ್ಕು ಬಂದ ನಾಯಿ ನೇರವಾಗಿ ಜಗುಲಿಗೆ ಬಂದು ಮಕ್ಕಳ ಪಕ್ಕದಲ್ಲಿ ಮಲಗುವುದು ಸರಿಯಲ್ಲ. ಸಂಜೆ ಅದರ ಕಿವಿಯ ಒಳಬದಿ, ಕುತ್ತಿಗೆ, ಕಾಲ್ಬೆರಳ ಸಂದುಗಳನ್ನು ನೋಡಿ, ಉಣುಗನ್ನು ಚಿಮುಟದಿಂದ ಹಿಡಿದು ತೆಗೆದು ಬೆಂಕಿಗೆ ಹಾಕಬೇಕು. ಉಗುರಿನಲ್ಲಿ ಚಿವುಟಿ ಒಡೆಯಬಾರದು. ದನಕ್ಕೆ ತಂದ ಉಣುಗಿನ ಔಷಧವನ್ನು ಉಳಿದಿದೆಯೆಂದು ಅದೇ ಅಳತೆಯಲ್ಲಿ ನಾಯಿಗೆ ಕೊಡುವವರೂ ಇದ್ದಾರೆ. ಐವರ್ಮೆಕ್ಟಿನ್ ಎಂಬ ಔಷಧವು ಕೆಲವು ತಳಿಯ ನಾಯಿಗಳಿಗೆ ಪ್ರಾಣಾಂತಿಕ. ವೈದ್ಯನನ್ನು ಕೇಳದೆ ಕೊಡಕೂಡದು.

ಹೆಣದ ವಿಲೇವಾರಿ

ಮೇಲೆ ಹೇಳಿದ ಜಾಡ್ಯಗಳಲ್ಲಿ ಅನೇಕವು ನಾಯಿಗೆ ಬರುವುದು ಬಾಯಿಂದ ಎಂಬುದು ವಾಚಕರಿಗೆ ತಿಳಿದಿರಬಹುದು. ನಮ್ಮ ಊರುಗಳಲ್ಲಿ ಸತ್ತ ದನವು ನಾಯಿಯ ಪಾಲಾದದ್ದು ಇತ್ತೀಚಿನ ಸಂಗತಿ. ಹಿಂದೆ ಚರ್ಮವನ್ನು ಸುಲಿದುಕೊಂಡ ಮೇಲೆ ಉಳಿದದ್ದನ್ನು ರಣಹದ್ದುಗಳು ಕೆಲವು ಗಂಟೆಗಳಲ್ಲಿ ಮೂಳೆಮಾತ್ರ ಉಳಿಯುವಂತೆ ತಿಂದು ಮುಗಿಸುತ್ತಿದ್ದುವು. 1990ರ ದಶಕದಲ್ಲಿ ಆ ಹದ್ದುಗಳು ದೇಶದಲ್ಲೆಲ್ಲಾ ಕಾಣೆಯಾದುವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದು, ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿದುದೇ ಇದಕ್ಕೆ ಕಾರಣವೆಂದು 2004ರಲ್ಲಿ ಗೊತ್ತಾಯಿತು. ಪಶುಗಳಿಗೆ ಅದನ್ನು ಕೊಡುವುದನ್ನು ಸರ್ಕಾರವು 2006ರಲ್ಲಿ ನಿಷೇಧಿಸಿತು. ಹದ್ದು ಹೋದ ಸ್ಥಾನಕ್ಕೆ ನಾಯಿ ಬಂತು. ಹದ್ದಿನ ಜಠರದ ತೀಕ್ಷ್ಣವಾದ ಆಮ್ಲದಲ್ಲಿ ಅನೇಕ ರೋಗಾಣುಗಳು ಸಾಯುತ್ತವೆ. ನಾಯಿಯು ಹಾಗಲ್ಲ, ತಿಂದಷ್ಟು ತಿಂದು, ಒಂದು ತುಂಡನ್ನು ಕಚ್ಚಿಕೊಂಡು ಊರೊಳಗೆ ಬರುತ್ತದೆ.

ಆದಕಾರಣ ಸತ್ತ ಪ್ರಾಣಿಯನ್ನು ಹೂಳುವುದೇ ಸರಿ. ಆರು ಅಡಿ ಆಳದ ಗುಳಿ ಬೇಕು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಅಷ್ಟು ಅಗೆಯುವ ಮೊದಲೇ ನೀರು ಒಸರುವುದರಿಂದ, ಬಾವಿ ಹಳ್ಳಗಳಿಗೆ ದೂರವಾದ ಎತ್ತರದ ಜಾಗವನ್ನು ಬೇಸಗೆಯಲ್ಲಿಯೇ ಗೊತ್ತುಮಾಡಿ ಇಟ್ಟುಕೊಳ್ಳುವುದು ವಿವೇಕ. ಹೆಣದ ಕೆಳಗೂ ಮೇಲೂ ಸುಣ್ಣ ಹರಡಿ, ಮಣ್ಣು ತುಂಬಿ, ಮೇಲೆ ಮುಳ್ಳು ಕಲ್ಲುಗಳನ್ನು ಹೇರಬೇಕು. ಮುಳ್ಳಿಲ್ಲದ ಗುಳಿಯನ್ನು ನಾಯಿಗಳು ಎರಡನೆಯ ರಾತ್ರಿಯೇ ಕೆದಕುತ್ತವೆ. ಹಠಾತ್ತಾಗಿ ಸತ್ತು ಮೂಗು ಗುದದ್ವಾರಗಳಲ್ಲಿ ಕಪ್ಪು ರಕ್ತ ಸೋರಿದ ದನವನ್ನು ಯಾವ ಕಾರಣಕ್ಕೂ ಕೊಯ್ಯಕೂಡದು. ಅದು ನರಡಿ ರೋಗವಿರಬಹುದು. ವಿಷಾಣುವಿನದಲ್ಲದಿದ್ದರೂ ಮನುಷ್ಯನಿಗೂ ಮಾರಕವಾದದ್ದು. ಕರು ಹಾಕಿದ ಮೇಲೆ ಬೀಳುವ ಮಾಸನ್ನು, ಅಂದರೆ ಸತ್ತೆಯನ್ನು, ನಾಯಿಗೆ ಬಿಡುವ ಪದ್ಧತಿಯೂ ನಿಲ್ಲಬೇಕು. ಕಂದುಹಾಕಿಸುವ ಬ್ರೂಸೆಲ್ಲ ಎಂಬ ರೋಗಾಣುವೂ, ನಿಯೊಸ್ಪೋರ ಎಂಬ ಪರೋಪಜೀವಿಯೂ ಅದರಲ್ಲಿರಬಹುದು. ಎರಡನೆಯದು ನಾಯಿಯ ಹೊಟ್ಟೆಯಲ್ಲಿ ಬೆಳೆದು, ಮಲದ ಮೂಲಕ ಮೇವಿಗೆ ಸೇರಿ, ಮತ್ತೆ ಹಸುವಿಗೇ ಬಂದು ಮುಂದಿನ ಗಬ್ಬವನ್ನೂ ಕೆಡಿಸುತ್ತದೆ. ಪಟ್ಟಣದ ಅಂಚಿನಲ್ಲಿರುವವರು ಮಾಂಸದಂಗಡಿಯ ತ್ಯಾಜ್ಯವನ್ನು ನಾಯಿಗಾಗಿ ತರುವುದಾದರೆ ಚೆನ್ನಾಗಿ ಬೇಯಿಸಿ ಹಾಕಬೇಕು. ಬೆಂದ ಮಾಂಸದಲ್ಲಿ ಇಲ್ಲಿ ಹೇಳಿದ ವಿಷಾಣುಗಳು ಯಾವುವೂ ಬದುಕುವುದಿಲ್ಲ.

ಕೊಟ್ಟಿಗೆಯಲ್ಲಿ ಜಾಡ್ಯವಿದ್ದ ಸಮಯದಲ್ಲಿಯೇ ನಾಯಿಯೂ ಸತ್ತರೆ ಅದನ್ನು ಸುಮ್ಮನೆ ಎಸೆಯದೆ ಪರೀಕ್ಷೆ ಮಾಡಿಸುವುದು ಉಪಯುಕ್ತ. ಅನೇಕ ಸಲ ನಾಯಿಯ ಸಾವು ಕುರಿಯ ಜಾಡ್ಯದ ಹೆಸರನ್ನು ತಿಳಿಸಿಕೊಡಬಲ್ಲದು. ಕೈಗೆ ಚೀಲ ಹಾಕಿಕೊಂಡು, ಹೆಣವನ್ನು ಕೊಯ್ಯದೆ, ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತಲೂ ಮಂಜುಗಡ್ಡೆಯಿಟ್ಟು, ಅದೇ ದಿನ ಹತ್ತಿರದ ಪಶುವೈದ್ಯಶಾಲೆಗಾಗಲಿ, ಶಿವಮೊಗ್ಗದ ವಿನೋಬನಗರದಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕಾಗಲಿ ಮೊದಲು ತಿಳಿಸಿ ಒಯ್ಯಬೇಕು. ಕೊಟ್ಟಿಗೆಯಲ್ಲಿ ಯಾವ ಪ್ರಾಣಿ ಯಾವ ದಿನ ಕಾಯಿಲೆ ಬಿತ್ತು, ನಾಯಿ ಏನು ತಿಂದಿತ್ತು, ಯಾವ ಲಸಿಕೆಗಳನ್ನು ಎಂದು ಹಾಕಿಸಿದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಕೊಟ್ಟರೆ ಪರೀಕ್ಷಕರ ಕೆಲಸ ಅರ್ಧವಾಗುತ್ತದೆ. ಸಾಗಿಸಲು ಅನುಕೂಲವಿಲ್ಲದವರೂ, ಪ್ರಾಣಿ ಇನ್ನೂ ಜೀವದಿಂದಿರುವವರೂ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸಹಾಯವನ್ನು ಪಡೆಯಬಹುದು. ಈ ಕರೆಗೆ ಹಣವಿಲ್ಲ.